ಸೇಂಟ್ ಪ್ಯಾಂಕ್ರಾಸ್‌ನ ರೈಲ್ವೆ ಹೋಟೆಲ್: ಮುಚ್ಚಿಸಿದ್ದೂ ಉಳಿಸಿದ್ದೂ ಅದರ ಗಟ್ಟಿತನವೇ?

ಮಲಪ್ರಭೆ
ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಫೋಟೋ ನೋಡಿದವರು ಮುಂದೆ ಕಾಣುವ ಗೋಪುರಗಳ ಕೆಂಪು ಕಟ್ಟಡವನ್ನೇ ನಿಲ್ದಾಣ ಅಂದುಕೊಳ್ಳುತ್ತಾರೆ. ಅದು ಹೋಟೆಲ್. ರೈಲು ನಿಲ್ಲುವ ಜಾಗ ಅದರ ಬೆನ್ನ ಹಿಂದಿದೆ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ ಕಟ್ಟಿಸಿದ ಈ ಹೋಟೆಲಿನ ಹೆಸರು ಮಿಡ್‌ಲ್ಯಾಂಡ್ ಗ್ರ್ಯಾಂಡ್, ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್. 1873ರ ಮೇ 5ರಂದು ಮೊದಲ ಭಾಗ ತೆರೆಯಿತು, ಪೂರ್ತಿ ಮುಗಿದದ್ದು 1876ರಲ್ಲಿ. ಪೀಠೋಪಕರಣವೂ ಸೇರಿ 4,38,000 ಪೌಂಡ್ ಖರ್ಚಾಯಿತು. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ.

ಇಷ್ಟೆಲ್ಲ ಮಾಡಿ ಹೋಟೆಲ್ ನಡೆದದ್ದು 1935ರವರೆಗೆ ಮಾತ್ರ. ಮುನ್ನೂರರಷ್ಟು ಕೋಣೆಗಳಿಗೆ ಸ್ನಾನದ ಮನೆಗಳು ಕೈಬೆರಳೆಣಿಕೆಯಷ್ಟಿದ್ದವು. ಹೊಸದಾಗಿ ಕೊಳಾಯಿ ಹಾಕಿಸೋಣವೆಂದರೆ ನೆಲವೆಲ್ಲ ಬೆಂಕಿ ತಗಲದಂತೆ ಹಾಕಿದ ದಪ್ಪ ಕಾಂಕ್ರೀಟು. ಗೋಡೆಗಳೂ ಅಷ್ಟೇ ದಪ್ಪ. ಒಂದು ಪೈಪು ಇಳಿಸಬೇಕಾದರೂ ಕೋಟೆ ಒಡೆಯುವಷ್ಟು ಕೆಲಸ.

ವಿದ್ಯಾರ್ಥಿಗಳಿಗೆ ಈ ಕಟ್ಟಡ ತೋರಿಸುವಾಗಲೆಲ್ಲ ನಾನು ಒಂದು ವಾದ ಮುಂದಿಡುತ್ತೇನೆ. ಈ ಹೋಟೆಲನ್ನು ಮುಚ್ಚಿಸಿದ್ದು ಅದರ ಗಟ್ಟಿತನ, ಎಪ್ಪತ್ತಾರು ವರ್ಷ ಅತಿಥಿಗಳಿಲ್ಲದೆ ನಿಂತರೂ ಕುಸಿಯದಂತೆ ಕಾಪಾಡಿದ್ದೂ ಅದೇ ಗಟ್ಟಿತನ. ಹಗುರವಾಗಿ ಕಟ್ಟಿದ್ದರೆ ಬೇಕಾದ ಹಾಗೆ ಬದಲಾಯಿಸಿ ನಡೆಸುತ್ತಿದ್ದರು. ಆಗ ಒಳಗಿನ ವಿಕ್ಟೋರಿಯಾ ಕಾಲದ ಕೆಲಸ ಒಂದೂ ಉಳಿಯುತ್ತಿರಲಿಲ್ಲ. ಇಲ್ಲಿ ಇಂಜಿನಿಯರುಗಳಿದ್ದೀರಿ, ಹೋಟೆಲ್ ನಡೆಸುವವರಿದ್ದೀರಿ, ಲಂಡನ್ನಿನಲ್ಲಿ ಇರುವವರೂ ಇದ್ದೀರಿ. ನೀವು ಏನನ್ನುತ್ತೀರಿ?

ಹಳಿಬಂಡಿ, ಹುಬ್ಬಳ್ಳಿ
ಮೇಡಂ, ಒಳ್ಳೆ ವಿಷಯ ತಗದೀರಿ. ನಾನು ರೈಲ್ವೆಯೊಳಗ ಹಳಿ, ಸೇತುವೆ ವಿಭಾಗದಾಗ ಕೆಲಸ ಮಾಡಿ ನಿವೃತ್ತ ಆದಾಂವ. ಹೋಟೆಲ್ ಯಾಕ ಹಂಗ ಎತ್ತರಕ್ಕ ಕುಂತೈತಿ ಅನ್ನೂದು ತಿಳೀಬೇಕಂದ್ರ ಮೊದಲ ಹಿಂದಿನ ಹಳಿ ನೋಡಬೇಕ್ರಿ.

ಮಿಡ್‌ಲ್ಯಾಂಡ್ ಕಂಪನಿಯ ಮೂಲ ಠಾಣ್ಯ ಡರ್ಬಿ. ಲಂಡನ್ನಿಗೆ ಅವರದು ಸ್ವಂತ ಹಳಿ ಇರಲಿಲ್ಲ. ಗ್ರೇಟ್ ನಾರ್ದರ್ನ್ ಕಂಪನಿಗೆ ದುಡ್ಡು ಕೊಟ್ಟು ಅವರ ಹಳಿ ಮ್ಯಾಲ ಕಿಂಗ್ಸ್ ಕ್ರಾಸ್‌ಗೆ ಬರ್ತಿದ್ರು. 1862ರಾಗ ಲಂಡನ್ನಿನೊಳಗ ದೊಡ್ಡ ಅಂತರರಾಷ್ಟ್ರೀಯ ಪ್ರದರ್ಶನ ನಡೀತು, ಗಾಡಿ ಎಲ್ಲ ದಾರಿಯಾಗ ನಿಂತು ಹೋದವು. ಹಳಿ ಯಾರದೋ ಅವರ ಗಾಡಿ ಮೊದಲ ಹೋಗತಾವ, ಬಾಡಿಗಿದಾರರದು ಕಾಯಬೇಕು. ಆವಾಗ ಬೆಡ್‌ಫರ್ಡ್‌ದಿಂದ ಲಂಡನ್ನಿಗೆ ಸ್ವಂತ ಹಳಿ ಹಾಕೂ ನಿರ್ಧಾರ ಮಾಡಿದ್ರು. 1868ರ ಅಕ್ಟೋಬರ್ 1ಕ್ಕ ನಿಲ್ದಾಣ ಚಾಲೂ ಆತು. ಹೋಟೆಲ್ ಇನ್ನೂ ಪಾಯಾದಾಗ ಇತ್ತು.

ಹಾದ್ಯಾಗ ರೀಜೆಂಟ್ಸ್ ಕಾಲುವೆ ಅಡ್ಡ ಬರತೈತಿ. ಬಾಜೂದ ಕಿಂಗ್ಸ್ ಕ್ರಾಸ್‌ನವರು ಅದರ ಕೆಳಗ ಸುರಂಗ ಮಾಡಿ ಬಂದಾರ. ಮಿಡ್‌ಲ್ಯಾಂಡ್‌ನವರು ಮ್ಯಾಲಿಂದ ದಾಟಿದ್ರು. ಕಾಲುವೆ ಮ್ಯಾಲ ಹಾಯ್ದ ಹಳಿ ಮುಂದ ಒಮ್ಮೆಲೆ ಇಳಿಸಾಕ ಆಗೂದಿಲ್ಲ. ಹಿಂಗಾಗಿ ಪ್ಲಾಟ್‌ಫಾರ್ಮ್ ರಸ್ತೆಗಿಂತ ಒಂದ ಮಾಳಿಗಿ ಎತ್ತರಕ್ಕ ಬಂತು. ಕೆಳಗ ಉಳಿದ ಜಾಗಾ ಮಣ್ಣು ತುಂಬಿ ಮುಚ್ಚಬಹುದಿತ್ತು. ಇಂಜಿನಿಯರ್ ವಿಲಿಯಂ ಹೆನ್ರಿ ಬಾರ್ಲೋ ಅದನ್ನ ಮಾಡಲಿಲ್ಲ. ನೂರಾರು ಎರಕದ ಕಬ್ಬಿಣದ ಕಂಬ ನಿಲ್ಲಿಸಿ ಗೋದಾಮು ಮಾಡಿದ. ಬರ್ಟನ್ ಊರಿನ ಬಿಯರ್ ಪೀಪಾಯಿ ಮಿಡ್‌ಲ್ಯಾಂಡ್ ಗಾಡಿಗೆ ಬರ್ತಿದ್ದವು, ಅವನ್ನ ಇಡಾಕ. ಕಂಬದಿಂದ ಕಂಬಕ್ಕ ಎಷ್ಟು ಅಂತರ ಇರಬೇಕು ಅನ್ನೂದನ್ನ ಆ ಪೀಪಾಯಿ ಅಳತಿ ಹಿಡದ ಲೆಕ್ಕ ಹಾಕ್ಯಾರ!

ಇನ್ನ ಚಾವಣಿ. 240 ಅಡಿ ಅಗಲ, ನಡುವ ಒಂದೂ ಕಂಬ ಇಲ್ಲ. ಎತ್ತರ 100 ಅಡಿ. ಕಟ್ಟಿದಾಗ ಜಗತ್ತಿನೊಳಗ ಇಷ್ಟು ದೊಡ್ಡ ಒಂದೇ ಕಮಾನಿನ ಚಾವಣಿ ಬ್ಯಾರೆ ಇರಲಿಲ್ಲ. ಇಂಥಾ ಕಮಾನು ಎರಡೂ ಕಡೆ ಹೊರಗ ಒತ್ತತೈತಿ. ಅದನ್ನ ತಡೀಲಿಕ್ಕ ಪಕ್ಕಕ್ಕ ಭಾರೀ ಗ್ವಾಡಿ ಕಟ್ಟಬೇಕು. ಬಾರ್ಲೋ ಪ್ಲಾಟ್‌ಫಾರ್ಮಿನ ನೆಲದ ತೊಲಿಗಳನ್ನ ಕಮಾನಿನ ಎರಡೂ ಕಾಲಿಗೆ ಕೂಡಿಸಿಬಿಟ್ಟ, ಬಿಲ್ಲಿಗೆ ಹೆದಿ ಏರಿಸಿದ್ಹಂಗ. ನೆಲಾನ ಚಾವಣೀನ ಹಿಡಕೊಂಡೈತಿ. ನನಗ ಹೋಟೆಲ್‌ಗಿಂತ ಇದು ದೊಡ್ಡದು ಅನಸತೈತಿ, ಮೇಡಂ ಬ್ಯಾಸರ ಮಾಡಕೋಬ್ಯಾಡ್ರಿ.

ಥೇಮ್ಸ್‌ತೀರ
ಹಳಿಬಂಡಿ ಸರ್, ನೀವು ಬರೆದ ಆ ಬಿಯರ್ ಗೋದಾಮಿನ ಮೂಲಕವೇ ಈಗ ಪ್ಯಾರಿಸ್ ರೈಲು ಹತ್ತುವವರು ಒಳಗೆ ಹೋಗುವುದು. 2007ರ ನವೆಂಬರಿನಲ್ಲಿ ಯೂರೋಸ್ಟಾರ್ ಎಂಬ ಆ ರೈಲು ಇಲ್ಲಿಗೆ ಬಂದಾಗ ಪ್ಲಾಟ್‌ಫಾರ್ಮಿನ ನೆಲವನ್ನು ಕೆಲವು ಕಡೆ ತೆರೆದು ಕೆಳಗೆ ಬೆಳಕು ಬೀಳುವಂತೆ ಮಾಡಿದರು. ಆ ಕಬ್ಬಿಣದ ಕಂಬಗಳ ನಡುವೆಯೇ ಅಂಗಡಿಗಳಿವೆ, ಪಾಸ್‌ಪೋರ್ಟ್ ತಪಾಸಣೆ ಇದೆ.

ಇಟ್ಟಿಗೆಯ ಬಗ್ಗೆ ಯಾರೂ ಹೇಳಿಲ್ಲ. ಪಕ್ಕದ ಕಿಂಗ್ಸ್ ಕ್ರಾಸ್ ನಿಲ್ದಾಣ 1852ರದು, ಲೂಯಿಸ್ ಕ್ಯೂಬಿಟ್ ವಿನ್ಯಾಸ. ಅದು ಲಂಡನ್ನಿನ ಹಳದಿ ಇಟ್ಟಿಗೆಯದು. ಎರಡು ದೊಡ್ಡ ಕಮಾನು, ನಡುವೆ ಒಂದು ಗಡಿಯಾರ, ಅಲಂಕಾರ ಇಲ್ಲವೆನ್ನುವಷ್ಟು ಕಡಿಮೆ. ಅದರ ಪಕ್ಕದಲ್ಲೇ ಈ ಕೆಂಪು ಹೋಟೆಲ್ ಎದ್ದಿತು. ಇಟ್ಟಿಗೆ ನಾಟಿಂಗ್‌ಹ್ಯಾಮ್‌ನಲ್ಲಿ ಎಡ್ವರ್ಡ್ ಗ್ರಿಪ್ಪರ್ ಎಂಬವರ ಕಾರ್ಖಾನೆಯಲ್ಲಿ ಯಂತ್ರದಿಂದ ಒತ್ತಿದ್ದು. ಹತ್ತಿರ ಹೋಗಿ ನೋಡಿದರೆ ಅಂಚು ಈಗಲೂ ಚೂಪಾಗಿದೆ. ಕಲ್ಲು ಆ್ಯಂಕಾಸ್ಟರ್, ಕೆಟನ್, ಮ್ಯಾನ್ಸ್‌ಫೀಲ್ಡ್ ಗಣಿಗಳದು. ಚಾವಣಿಗೆ ಹೊದಿಸಿದ ಸ್ಲೇಟು ಲೆಸ್ಟರ್‌ಶೈರಿನದು. ಎಲ್ಲವೂ ಇಂಗ್ಲೆಂಡಿನ ನಡುಭಾಗದ ಸರಕು. ಅಂದರೆ ಮಿಡ್‌ಲ್ಯಾಂಡ್ ಕಂಪನಿಯ ರೈಲು ಓಡುವ ಸೀಮೆಯ ಸರಕು. ಇಂಥ ಮಾಲು ಬೇಕಿದ್ದರೆ ನಮ್ಮ ಗಾಡಿಯಲ್ಲಿ ತಂದುಕೊಡುತ್ತೇವೆ ಎಂದು ಲಂಡನ್ನಿಗೆ ಸಾರುವ ಜಾಹೀರಾತು ಅದು. ಕಂಪನಿಗೆ ಹೋಟೆಲಿನ ಲಾಭಕ್ಕಿಂತ ಈ ಮುಖ ಮುಖ್ಯವಾಗಿತ್ತೆಂದು ನನಗೆ ಅನ್ನಿಸುತ್ತದೆ. ಲಂಡನ್ನಿಗೆ ತಡವಾಗಿ ಬಂದವರು, ಎಲ್ಲರಿಗಿಂತ ಎತ್ತರ ನಿಲ್ಲಬೇಕೆಂಬ ಹಟ. ಗಡಿಯಾರದ ಗೋಪುರವೇ 270 ಅಡಿ.

ಕುಂದಾಪ್ರದ ಮಾಣಿ
ಮಲಪ್ರಭೆ ಮೇಡಂ, ನಾನು ಲಾಡ್ಜ್ ನಡೆಸುವವ, ಆ ಕಡೆಯಿಂದ ಹೇಳ್ತೇನೆ. ಕಾಂಕ್ರೀಟ್ ನೆಲದ ಮೇಲೆ ಎಲ್ಲ ದೋಷ ಹೊರಿಸುವುದು ಸರಿಯಲ್ಲ ಮಾರಾಯ್ರೆ. ಹೋಟೆಲನ್ನು ಮುಳುಗಿಸುವುದು ಆಳಿನ ಖರ್ಚು.

ಕೋಣೆಗೊಂದು ಅಗ್ಗಿಷ್ಟಿಕೆ ಇತ್ತಲ್ಲ, ಅದಕ್ಕೆ ಕಲ್ಲಿದ್ದಲು ಹೊರುವವನು ಒಬ್ಬ. ಬೆಳಿಗ್ಗೆ ಬೂದಿ ತೆಗೆಯಲಿಕ್ಕೆ ಇನ್ನೊಬ್ಬ. ಸ್ನಾನಕ್ಕೆ ತೊಟ್ಟಿಯನ್ನು ಕೋಣೆಗೇ ತಂದಿಟ್ಟು ಬಿಸಿನೀರು ಹೊತ್ತು ತರಬೇಕು, ಮಿಂದಾದ ಮೇಲೆ ಆ ಕೊಳಕು ನೀರನ್ನು ಹೊತ್ತು ಹೊರಗೆ ಹಾಕಬೇಕು. ರಾತ್ರಿಯ ಮೂತ್ರದ ಪಾತ್ರೆ, ಉಗುಳುವ ಪೀಕದಾನಿ, ಮುಖ ತೊಳೆಯುವ ಬೋಗುಣಿ, ಎಲ್ಲವೂ ಕೈಯಲ್ಲೇ. 1873ರಲ್ಲಿ ಆಳುಗಳು ಸಲೀಸಾಗಿ ಸಿಗುತ್ತಿದ್ದರು, ಕೂಲಿ ಕಡಿಮೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಅಂಥ ಚಾಕರಿಗೆ ಜನ ಬರುವುದು ಕಡಿಮೆಯಾಯ್ತು, ಬಂದವರಿಗೆ ಕೂಲಿ ಜಾಸ್ತಿ ಕೊಡಬೇಕಾಯ್ತು. ಕೋಣೆ ತುಂಬಿದಷ್ಟೂ ಖರ್ಚು ಏರುವ ಹೋಟೆಲ್ ಇದು. ಇದನ್ನು ಯಾರು ನಡೆಸಿಯಾರು?

ಮತ್ತೆ, ಪೈಪೋಟಿಯನ್ನೂ ನೋಡಿ. 1889ರಲ್ಲಿ ಸವಾಯ್ ಹೋಟೆಲ್ ಥೇಮ್ಸ್ ಬದಿಯಲ್ಲಿ ತೆರೆಯಿತು: ವಿದ್ಯುತ್ ದೀಪ, ಲಿಫ್ಟು, ಬೇಕಾದಷ್ಟು ಸ್ನಾನದ ಮನೆ. ನಾಟಕ ನೋಡುವವರಿಗೂ ದೊಡ್ಡ ಅಂಗಡಿಗೆ ಹೋಗುವವರಿಗೂ ಅದೇ ಹತ್ತಿರ. ಯೂಸ್ಟನ್ ರಸ್ತೆಯ ಕಲ್ಲಿದ್ದಲ ಹೊಗೆಯಲ್ಲಿ ಹಣವಂತರು ಯಾಕೆ ಉಳಿಯುತ್ತಾರೆ?

ಮಲಪ್ರಭೆ
ಮಾಣಿಯವರೇ, ಆಳಿನ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಸಂತೋಷ. ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಆಳು ದುಬಾರಿಯಾದಾಗ ಬೇರೆ ಹೋಟೆಲುಗಳು ಕೊಳಾಯಿ, ಹೀಟಿಂಗ್ ಹಾಕಿಸಿ ಆಳು ಕಡಿಮೆ ಮಾಡಿಕೊಂಡವು. ಇವರಿಂದ ಅದು ಆಗಲಿಲ್ಲ. ತಡೆದದ್ದು ನೆಲ, ಗೋಡೆ.

ಇವರು ಹೊಸತಿಗೆ ಹಿಂಜರಿದವರೂ ಅಲ್ಲ. ತೆರೆದ ದಿನದಿಂದಲೇ ನೀರಿನ ಒತ್ತಡದಿಂದ ಏರುವ ಲಿಫ್ಟು ಇತ್ತು, ಆಳನ್ನು ಕರೆಯಲು ವಿದ್ಯುತ್ ಗಂಟೆ ಇತ್ತು. 1899ರಲ್ಲಿ ತಿರುಗುಬಾಗಿಲು ಬಂತು. ಬ್ರಿಟನ್ನಿಗೆ ಅದೇ ಮೊದಲನೆಯದು ಎನ್ನುತ್ತಾರೆ. ಹೆಂಗಸರು ಕೂತು ಸಿಗರೇಟು ಸೇದಲು ಪ್ರತ್ಯೇಕ ಕೋಣೆಯನ್ನೂ ಮಾಡಿದ್ದರು, ಆ ಕಾಲದಲ್ಲಿ! ಅದೇ ಕಂಪನಿ 1872ರಲ್ಲಿ ತನ್ನ ಎಲ್ಲ ಗಾಡಿಗಳಿಗೂ ಮೂರನೇ ದರ್ಜೆಯವರನ್ನು ಹತ್ತಿಸಿಕೊಂಡಿತು, 1875ರಲ್ಲಿ ಎರಡನೇ ದರ್ಜೆಯನ್ನೇ ತೆಗೆದು ಮೂರನೇ ದರ್ಜೆಯ ಸೀಟಿಗೆ ಮೆತ್ತೆ ಹಾಕಿಸಿತು. ಉಳಿದ ಕಂಪನಿಗಳು ಇದಕ್ಕೆ ಕೆಂಡವಾಗಿದ್ದವು.

ಕೊರತೆಯಿದ್ದದ್ದು ನೀರಿನ ವ್ಯವಸ್ಥೆಯಲ್ಲಿ. 1866ರಲ್ಲಿ ನಕ್ಷೆ ಬರೆಯುವಾಗ ಸ್ನಾನದ ನೀರು ಕೋಣೆಗೆ ಬರುವುದು ಆಳಿನ ಕೈಯಲ್ಲೇ ಎಂಬುದು ಎಲ್ಲರಿಗೂ ಒಪ್ಪಿತವಾಗಿತ್ತು. ಅದನ್ನು ಕಲ್ಲು ಕಾಂಕ್ರೀಟಿನಲ್ಲಿ ಶಾಶ್ವತ ಮಾಡಿಬಿಟ್ಟರು.

ರಾಗಿಕಣ
ನಾನು ಓದಿದ ಪ್ರಕಾರ ಇದು ಹೋಟೆಲಿಗೆಂದು ಬರೆದ ವಿನ್ಯಾಸವೇ ಅಲ್ಲ. ಸ್ಕಾಟ್ ಬ್ರಿಟಿಷ್ ಸರ್ಕಾರದ ವಿದೇಶಾಂಗ ಕಚೇರಿಗೆ ಗಾಥಿಕ್ ಶೈಲಿಯಲ್ಲಿ, ಅಂದರೆ ಮಧ್ಯಯುಗದ ಚರ್ಚುಗಳ ಚೂಪು ಕಮಾನಿನ ಶೈಲಿಯಲ್ಲಿ, ನಕ್ಷೆ ಮಾಡಿಕೊಟ್ಟಿದ್ದ, ಪ್ರಧಾನಿ ಪಾಮರ್‌ಸ್ಟನ್ ಅದನ್ನು ತಿರಸ್ಕರಿಸಿದ, ಅದೇ ನಕ್ಷೆಯನ್ನು ಇಲ್ಲಿ ತಂದು ಕೂರಿಸಿದ. ಕೋಣೆಗಳ ಅನುಕೂಲ ಸರಿಯಿಲ್ಲದಿರಲು ಅದೇ ಕಾರಣ ಇರಬಹುದಲ್ಲವೇ?

ಮಲಪ್ರಭೆ
ರಾಗಿಕಣ ಅವರೇ, ಈ ಕಥೆ ಬಹಳ ಹಳೆಯದು. ಲಂಡನ್ನಿನಲ್ಲೇ ಇದನ್ನು ನಂಬುವವರಿದ್ದಾರೆ, ಆದರೆ ನಿಜವಲ್ಲ. ಪಾಮರ್‌ಸ್ಟನ್ ಗಾಥಿಕ್ ಬೇಡವೆಂದದ್ದು ಹೌದು. ಸ್ಕಾಟ್ ಬೇಸರಪಟ್ಟುಕೊಂಡೇ ಇಟಾಲಿಯನ್ ಶೈಲಿಯಲ್ಲಿ ಬೇರೆ ನಕ್ಷೆ ಮಾಡಿಕೊಟ್ಟ. ಅದೇ ಇವತ್ತು ವೈಟ್‌ಹಾಲ್‌ನಲ್ಲಿರುವ ಕಟ್ಟಡ. ತಾನು ಪ್ರೀತಿಸಿದ ಶೈಲಿಯಲ್ಲಿ ಲಂಡನ್ನಿನ ನಡುವೆ ದೊಡ್ಡ ಕಟ್ಟಡ ಕಟ್ಟಬೇಕೆಂಬ ಆಸೆ ಅವನಲ್ಲಿ ಉಳಿಯಿತು, ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಅದು ತೀರಿತು. ಇಷ್ಟರ ಮಟ್ಟಿಗೆ ಎರಡಕ್ಕೂ ನಂಟು ಇದೆ.

ಆದರೆ ನಕ್ಷೆ ಬೇರೆಯದೇ. ಕಚೇರಿಯದು ಅಂಗಳದ ಸುತ್ತ ಕಟ್ಟುವ ಚೌಕ. ಹೋಟೆಲ್ ಯೂಸ್ಟನ್ ರಸ್ತೆಯ ಉದ್ದಕ್ಕೂ ಸಾಗಿ ಪಶ್ಚಿಮದ ತುದಿಯಲ್ಲಿ ಬಾಗಿ ಮುಂದಕ್ಕೆ ಬರುತ್ತದೆ. ಊಟದ ಹಾಲ್ ಆ ಬಾಗಿನಲ್ಲೇ ಇತ್ತು. ಕೆಳಗೆ ಎರಡು ದೊಡ್ಡ ಕಮಾನುಗಳು: ಒಂದರಲ್ಲಿ ಕುದುರೆಗಾಡಿಗಳು ನಿಲ್ದಾಣಕ್ಕೆ ಹೋಗಬೇಕು, ಇನ್ನೊಂದರಲ್ಲಿ ಹೊರಗೆ ಬರಬೇಕು. ರಸ್ತೆ ಕೆಳಗೆ, ಪ್ಲಾಟ್‌ಫಾರ್ಮ್ ಮೇಲೆ, ನಡುವೆ ಏರುದಾರಿ. ಇದನ್ನೆಲ್ಲ ಬೇರೆ ಕಡೆಯ ನಕ್ಷೆಯಿಂದ ಎತ್ತಿ ತಂದು ಕೂರಿಸಲು ಬರುವುದಿಲ್ಲ.

ಸ್ಪರ್ಧೆಯ ಕಥೆ ಇನ್ನೂ ಸ್ವಾರಸ್ಯದ್ದು. ಕಂಪನಿ ಹನ್ನೊಂದು ವಾಸ್ತುಶಿಲ್ಪಿಗಳನ್ನು ಕರೆದಿತ್ತು. 150 ಕೋಣೆ ಸಾಕು ಎಂದಿತ್ತು. ಸ್ಕಾಟ್ ಅದನ್ನು ಮೀರಿ 250 ಕೋಣೆಗಳ, ಹೆಚ್ಚು ಮಾಳಿಗೆಗಳ ಕಟ್ಟಡ ಬರೆದ. ಬಂದವುಗಳಲ್ಲಿ ಅತಿ ದುಬಾರಿ ಅವನದೇ, 1866ರಲ್ಲಿ ಗೆದ್ದದ್ದೂ ಅವನೇ! ಅದೇ ವರ್ಷ ಓವರೆಂಡ್ ಗರ್ನಿ ಎಂಬ ದೊಡ್ಡ ಹಣಕಾಸು ಸಂಸ್ಥೆ ದಿವಾಳಿಯಾಗಿ ಲಂಡನ್ನಿನ ಹಣದ ಪೇಟೆ ಕುಸಿಯಿತು. ಕಂಪನಿ ಖರ್ಚಿಗೆ ಕತ್ತರಿ ಹಾಕಿತು. ಒಂದು ಮಾಳಿಗೆ ಹೋಯಿತು, ಹೊರಗೋಡೆಯ ಮೂರ್ತಿಗಳೂ ಹೋದವು. ಮೂರ್ತಿಗೆಂದು ಮಾಡಿದ ಗೂಡುಗಳು ಇವತ್ತಿಗೂ ಖಾಲಿಯಿವೆ.

ಕಮಾನು
ನಾನು ಸಿವಿಲ್ ಕೊನೆಯ ವರ್ಷದ ವಿದ್ಯಾರ್ಥಿನಿ. ಎರಡು ಪ್ರಶ್ನೆ. ಒಂದು: ಬಾರ್ಲೋನ ಚಾವಣಿ ತುದಿಯಲ್ಲಿ ಸ್ವಲ್ಪ ಚೂಪಾಗಿದೆಯಲ್ಲ, ಅದು ಮುಂದಿನ ಗಾಥಿಕ್ ಹೋಟೆಲಿಗೆ ಹೊಂದಲಿ ಎಂದು ಮಾಡಿದ್ದೇ? ಎರಡು: ಹೊರಗೆ ಇಷ್ಟು ಹಳೆಯ ಕಾಲದ ಚರ್ಚಿನ ಹಾಗೆ ಕಾಣುವ ಕಟ್ಟಡದ ಒಳಗೆ ಕಬ್ಬಿಣ ಎಷ್ಟಿದೆ?

ಹಳಿಬಂಡಿ, ಹುಬ್ಬಳ್ಳಿ
ಮೊದಲನೇದಕ್ಕ ನಾ ಉತ್ತರ ಕೊಡ್ತೀನಿ ಮಗಳ. ಹೋಟೆಲಿನ ನಕ್ಷೆ ಬರೂಕಿಂತ ಮೊದಲ ಬಾರ್ಲೋ ಚಾವಣಿ ಆಕಾರ ಗೊತ್ತು ಮಾಡಿದ್ದ. ಚೂಪು ಮಾಡಿದ್ದು ಗಾಳಿ ಒತ್ತಡಾ ತಡೀಲಿಕ್ಕ. ವಿವರದ ಲೆಕ್ಕದಾಗ ಅವನ ಜೋಡಿ ರೋಲಂಡ್ ಮೇಸನ್ ಆರ್ಡಿಶ್ ಅನ್ನೂ ಇಂಜಿನಿಯರ್ ಕೂಡಿದ್ದ. ಕಬ್ಬಿಣ ಮಾಡಿಕೊಟ್ಟಿದ್ದು ಡರ್ಬಿಶೈರಿನ ಬಟರ್ಲಿ ಕಂಪನಿ. ಚಾವಣಿ ಚೂಪು, ತನ್ನ ಕಿಟಕಿ ಕಮಾನೂ ಚೂಪು, ಎರಡೂ ತಾವಾಗೇ ಕೂಡಿಬಂದವು ಅಂತ ಸ್ಕಾಟ್ ಆಮ್ಯಾಲ ಖುಷಿಲೆ ಬರಕೊಂಡಾನ.

ಮಲಪ್ರಭೆ
ಎರಡನೆಯದಕ್ಕೆ: ಮುಖ್ಯ ಮೆಟ್ಟಿಲುಸಾಲನ್ನು ನೋಡಿ. ಕೆಳಗೆ ಒಂದಾಗಿ ಹೊರಟು, ನಡುವೆ ಎರಡಾಗಿ ಕವಲೊಡೆದು ಮೇಲೇರುತ್ತದೆ. ಅದನ್ನು ಹೊತ್ತಿರುವುದು ಕಬ್ಬಿಣದ ತೊಲೆಗಳು, ಸ್ಕಾಟ್ ಅವನ್ನು ಮುಚ್ಚಿಲ್ಲ. ಕೆಳಗೆ ನಿಂತು ತಲೆ ಎತ್ತಿದರೆ ತೊಲೆ, ರಿವೆಟ್ಟು, ಅದರ ಮೇಲಿನ ಅಲಂಕಾರ ಎಲ್ಲ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಚಾವಣಿಯಲ್ಲಿ ಬಣ್ಣದ ಚಿತ್ರ: ಸದ್ಗುಣಗಳನ್ನು ಹೆಣ್ಣುಗಳಾಗಿ ಬಿಡಿಸಿದ್ದಾರೆ, ಜೊತೆಗೆ ರೈಲ್ವೆ ಕಂಪನಿಯ ಲಾಂಛನ. ದೇವರ ಮನೆಯ ಚಿತ್ರಕಲೆಯನ್ನು ಒಂದು ವ್ಯಾಪಾರದ ಕಂಪನಿಗೆ ಬಳಸಿದ್ದಾರೆಂದು ಆ ಕಾಲದ ವಿಮರ್ಶಕರು ಸಿಟ್ಟಾಗಿದ್ದರು. ನನಗೆ ಅಲ್ಲಿ ಕಾಣುವುದು ಪ್ರಾಮಾಣಿಕತೆ. ಮಧ್ಯಯುಗದ ರೂಪ ಬೇಕೆಂದು ಕಬ್ಬಿಣವನ್ನು ಕಲ್ಲಿನ ಹಿಂದೆ ಬಚ್ಚಿಡಲಿಲ್ಲವಲ್ಲ!

ದಾದರ್ ಕನ್ನಡಿಗ
ಹಳಿಬಂಡಿಯವರು ಆರ್ಡಿಶ್ ಹೆಸರು ಹೇಳಿದ್ದು ನೋಡಿ ಬರೆಯಲೇಬೇಕೆನಿಸಿತು. ಮುಂಬಯಿಯ ಕಾಲಾ ಘೋಡಾದಲ್ಲಿ ವಾಟ್ಸನ್ಸ್ ಹೋಟೆಲ್ ಎಂದಿತ್ತು, ಈಗ ಎಸ್ಪ್ಲನೇಡ್ ಮ್ಯಾನ್ಷನ್ ಎನ್ನುತ್ತಾರೆ. ಪೂರ್ತಿ ಎರಕದ ಕಬ್ಬಿಣದ ಚೌಕಟ್ಟು. ಇಂಗ್ಲೆಂಡಿನಲ್ಲಿ ಅಚ್ಚು ಹೊಯ್ದು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು, 1860ರ ದಶಕದಲ್ಲಿ. ಅದರ ವಿನ್ಯಾಸಕಾರ ಇದೇ ರೋಲಂಡ್ ಮೇಸನ್ ಆರ್ಡಿಶ್. 1896ರ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಚಲನಚಿತ್ರವನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲೇ.

ಇನ್ನು ಸ್ಕಾಟ್. ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ, ರಾಜಾಬಾಯಿ ಗೋಪುರ ಎರಡೂ ಅವನ ನಕ್ಷೆ. ಅವನು ಭಾರತಕ್ಕೆ ಕಾಲಿಡಲಿಲ್ಲ, ಲಂಡನ್ನಿನಿಂದಲೇ ಬರೆದು ಕಳಿಸಿದ. ಬೋರಿಬಂದರಿನ ನಮ್ಮ ವಿ.ಟಿ.ಯನ್ನು (ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) 1878ರಿಂದ ಕಟ್ಟಿದ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಮೊದಲು ಯೂರೋಪಿಗೆ ಹೋಗಿ ಅಲ್ಲಿನ ನಿಲ್ದಾಣಗಳನ್ನು ನೋಡಿ ಬಂದಿದ್ದ. ಸೇಂಟ್ ಪ್ಯಾಂಕ್ರಾಸ್ ಫೋಟೋ ನೋಡಿದ ಮುಂಬಯಿಯವರಿಗೆ ಗುರುತು ಸಿಗುವುದು ಅದಕ್ಕೇ. ಆದರೆ ವಿ.ಟಿ.ಯ ಮುಂಭಾಗದಲ್ಲಿ ಹೋಟೆಲ್ ಇಲ್ಲ, ರೈಲ್ವೆಯ ಕಚೇರಿಗಳಿವೆ. ವರಾಂಡಗಳಿವೆ, ನಡುವೆ ಗುಮ್ಮಟವಿದೆ. ಬಿಸಿಲು ಮಳೆ ಎರಡನ್ನೂ ಬಲ್ಲವರು ಮಾಡಿದ ಕೆಲಸ. ನನ್ನ ಕಣ್ಣಿಗೆ ವಿ.ಟಿ.ಯೇ ಹೆಚ್ಚು ಚೆಂದ. ಸುಮ್ಮನೆ ಊರ ಅಭಿಮಾನದಿಂದ ಹೇಳುತ್ತಿಲ್ಲ, ಅಲ್ಲಿನ ಕಲ್ಲಿನ ಕೆತ್ತನೆ ನೋಡಿದವರಿಗೆ ತಿಳಿಯುತ್ತದೆ.

ರಾಗಿಕಣ
ಹಾಗಾದರೆ 1935ರ ನಂತರ ಕೆಡವಲಿಲ್ಲ ಏಕೆ? ಮಲಪ್ರಭೆಯವರು ಗಟ್ಟಿತನ ಉಳಿಸಿತು ಎನ್ನುತ್ತಾರೆ. ಗಟ್ಟಿ ಕಟ್ಟಡಗಳನ್ನೂ ಕೆಡವಿದ್ದಾರಲ್ಲ.

ಥೇಮ್ಸ್‌ತೀರ
ಕೆಡವುವ ಯೋಚನೆ ಖಂಡಿತ ಇತ್ತು. ಹೋಟೆಲ್ ಮುಚ್ಚಿದ ಮೇಲೆ ರೈಲ್ವೆಯವರು ಕಚೇರಿ ಮಾಡಿಕೊಂಡರು, ಸೇಂಟ್ ಪ್ಯಾಂಕ್ರಾಸ್ ಚೇಂಬರ್ಸ್ ಎಂಬ ಹೆಸರಿನಲ್ಲಿ. ಬಣ್ಣದ ಗೋಡೆಗಳ ಮೇಲೆ ಸರ್ಕಾರಿ ಬಣ್ಣ ಬಳಿದರು. 1960ರ ದಶಕದಲ್ಲಿ ಬ್ರಿಟಿಷ್ ರೈಲ್ ಕಿಂಗ್ಸ್ ಕ್ರಾಸ್ ಮತ್ತು ಸೇಂಟ್ ಪ್ಯಾಂಕ್ರಾಸ್ ಎರಡನ್ನೂ ಒಂದು ಮಾಡುವ ಯೋಜನೆ ಹಾಕಿತು. ವಿಕ್ಟೋರಿಯಾ ಕಾಲದ ಕಟ್ಟಡಗಳೆಂದರೆ ಆಗ ಜನರಿಗೆ ತಾತ್ಸಾರ. ಮಸಿ ಹಿಡಿದ ಹಳೆಯ ಭೂತ ಎಂಬ ಭಾವನೆ.

ಅದಕ್ಕೂ ಮೊದಲು ಅದೇ ರಸ್ತೆಯಲ್ಲಿ ಯೂಸ್ಟನ್ ನಿಲ್ದಾಣದ ಮುಂದಿದ್ದ ದೊಡ್ಡ ಕಲ್ಲಿನ ದ್ವಾರವನ್ನು 1961-62ರಲ್ಲಿ ಒಡೆದುಹಾಕಿದ್ದರು. ಎಷ್ಟು ಬೇಡಿಕೊಂಡರೂ ಸರ್ಕಾರ ಕೇಳಲಿಲ್ಲ. ಆ ಸೋಲು ಕಲಿಸಿದ ಪಾಠದಿಂದ ಈ ಹೋಟೆಲ್ ಉಳಿಯಿತು. ವಿಕ್ಟೋರಿಯಾ ಕಾಲದ ಕಟ್ಟಡಗಳನ್ನು ಉಳಿಸಲು ದುಡಿಯುವ ವಿಕ್ಟೋರಿಯನ್ ಸೊಸೈಟಿಯ ಅಧ್ಯಕ್ಷರಾಗಿದ್ದ ಇತಿಹಾಸಕಾರ ನಿಕೋಲಸ್ ಪೆವ್ಸ್‌ನರ್, ಕವಿ ಜಾನ್ ಬೆಟ್‌ಜಮನ್ ಹೋರಾಟಕ್ಕೆ ಇಳಿದರು. ದಿನದಿನದ ಕೆಲಸ ಹೊತ್ತವರು ಸೊಸೈಟಿಯ ಕಾರ್ಯದರ್ಶಿ ಜೇನ್ ಫಾಸೆಟ್. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗುಪ್ತ ಸಂದೇಶಗಳ ಮೇಲೆ ಕೆಲಸ ಮಾಡಿದಾಕೆ. ಬಿಸ್ಮಾರ್ಕ್ ಯುದ್ಧನೌಕೆ ಎತ್ತ ಹೊರಟಿದೆ ಎಂಬ ಸುಳಿವು ಆಕೆ ಕೂತಿದ್ದ ಮೇಜಿನ ಮೇಲೆಯೇ ಸಿಕ್ಕಿದ್ದು. ಆಕೆಯ ಪತ್ರ ಬಂತೆಂದರೆ ರೈಲ್ವೆ ಅಧಿಕಾರಿಗಳು ಬೆವರುತ್ತಿದ್ದರಂತೆ. 1967ರ ನವೆಂಬರಿನಲ್ಲಿ ಕಟ್ಟಡಕ್ಕೆ ಮೊದಲ ದರ್ಜೆಯ ಸಂರಕ್ಷಣೆ ಸಿಕ್ಕಿತು. ನಿಲ್ದಾಣದ ಮೇಲಿನ ಅಂತಸ್ತಿನಲ್ಲಿ ಬೆಟ್‌ಜಮನ್ ಪ್ರತಿಮೆ ಇದೆ, ಟೋಪಿ ಹಿಡಿದುಕೊಂಡು ಚಾವಣಿ ನೋಡುತ್ತಾ ನಿಂತಿದ್ದಾರೆ. ಫಾಸೆಟ್ ಅವರದು ಇಲ್ಲ. ಇರಬೇಕಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ.

ಆದ್ದರಿಂದ ಮಲಪ್ರಭೆ ಮೇಡಂ, ಉಳಿಸಿದ್ದು ಕಾಂಕ್ರೀಟು ಅಲ್ಲ, ಜನ.

ಮಲಪ್ರಭೆ
ಕೆಡವದಂತೆ ತಡೆದದ್ದು ಜನ, ಒಪ್ಪುತ್ತೇನೆ. ಆದರೆ 1967ರ ಆದೇಶ ಕಟ್ಟಡವನ್ನು ರಿಪೇರಿ ಮಾಡಲಿಲ್ಲ. 1980ರ ದಶಕದಲ್ಲಿ ಅಗ್ನಿ ಸುರಕ್ಷತೆಯ ನಿಯಮಕ್ಕೆ ಹೊಂದುವುದಿಲ್ಲವೆಂದು ಕಚೇರಿಗಳೂ ಖಾಲಿಯಾದವು. ಬೆಂಕಿಗೆ ಜಗ್ಗದ ನೆಲವಿದ್ದ ಕಟ್ಟಡಕ್ಕೆ ಬಂದ ಗತಿ ನೋಡಿ: ತೆರೆದ ಮೆಟ್ಟಿಲುಸಾಲು, ಉದ್ದನೆಯ ಓಣಿಗಳು ಹೊಸ ನಿಯಮಕ್ಕೆ ಒಗ್ಗಲಿಲ್ಲ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಒಳಗೆ ಯಾರೂ ಇಲ್ಲ. ಮರದ ತೊಲೆ, ಹಲಗೆ ನೆಲದ ಕಟ್ಟಡ ಲಂಡನ್ನಿನ ಮಳೆಗೆ ಅಷ್ಟು ವರ್ಷ ನಿಂತಿರುತ್ತಿತ್ತೇ? ನಮ್ಮಲ್ಲಿ ವಾಡೆಗಳು ಬೀಗ ಹಾಕಿದ ಎರಡು ಮೂರು ಮಳೆಗಾಲಕ್ಕೇ ಕುಸಿಯುತ್ತವೆ. ಇಲ್ಲಿ ಸರ್ಕಾರಿ ಬಣ್ಣ ಕೆರೆದಾಗ ಅಡಿಯಲ್ಲಿ ಹಳೆಯ ಚಿತ್ತಾರ ಸಿಕ್ಕಿತು.

ದಾದರ್ ಕನ್ನಡಿಗ
ಇದಕ್ಕೆ ವಾಟ್ಸನ್ಸ್ ಹೋಟೆಲನ್ನೇ ಪಕ್ಕಕ್ಕಿಟ್ಟು ನೋಡಬಹುದು. ಅದೇ ಕಾಲದ್ದು, ಅದೇ ಆರ್ಡಿಶ್ ಕೈಯ ಕಬ್ಬಿಣ. ಚೌಕಟ್ಟು ಹಗುರ, ಒಳಗೆ ಬೇಕೆಂದಂತೆ ಅಡ್ಡಗೋಡೆ ಹಾಕಬಹುದು. ಹಾಕಿದರು ಕೂಡ. ಹೋಟೆಲ್ ಹೋಗಿ ಮನೆಗಳು, ವಕೀಲರ ಕಚೇರಿಗಳು, ಅಂಗಡಿಗಳು ಬಂದವು. ಬಾಡಿಗೆ ಜುಜುಬಿ, ರಿಪೇರಿ ಮಾಡುವವರಿಲ್ಲ. 2005ರಲ್ಲಿ ಒಂದು ಭಾಗ ಕುಸಿಯಿತು. 2019ರಲ್ಲಿ ಅಪಾಯವೆಂದು ಎಲ್ಲರನ್ನೂ ಖಾಲಿ ಮಾಡಿಸಿದರು. ಬದಲಾಯಿಸಲು ಸುಲಭವಾಗಿದ್ದ ಕಟ್ಟಡ ಬದಲಾಗುತ್ತಾ ಬದಲಾಗುತ್ತಾ ಸವೆದುಹೋಯಿತು. ಮಲಪ್ರಭೆಯವರ ಮಾತಿನಲ್ಲಿ ಹುರುಳಿದೆ.

ಕುಂದಾಪ್ರದ ಮಾಣಿ
ಅದು ಸರಿ. ಈಗ ಹೋಟೆಲ್ ಹೇಗೆ ನಡೆಯುತ್ತಿದೆ? ಸ್ನಾನದ ಮನೆ ಎಲ್ಲಿ ಹಾಕಿದರು? ಅದು ತಿಳಿಯದೆ ನನಗೆ ನಿದ್ದೆ ಬರ್ಲಿಕ್ಕಿಲ್ಲ.

ಥೇಮ್ಸ್‌ತೀರ
ಮಾಣಿಯವರೇ, ಅವರು ಮಾಡಿದ ಉಪಾಯ ನಿಮಗೆ ಹಿಡಿಸುತ್ತದೆ. 2011ರಲ್ಲಿ ಸೇಂಟ್ ಪ್ಯಾಂಕ್ರಾಸ್ ರಿನೇಸಾನ್ಸ್ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ವಿಧ್ಯುಕ್ತ ಉದ್ಘಾಟನೆಗೆ ಮೇ 5ನ್ನೇ ಆರಿಸಿಕೊಂಡರು. 245 ಕೋಣೆಗಳಲ್ಲಿ ಹೆಚ್ಚಿನವು ಪಶ್ಚಿಮದ ಬದಿಯಲ್ಲಿ ಹೊಸದಾಗಿ ಕಟ್ಟಿದ ಭಾಗದಲ್ಲಿವೆ. ಅದಕ್ಕೆ ಬಾರ್ಲೋ ಹೆಸರಿಟ್ಟಿದ್ದಾರೆ. ಅಲ್ಲಿ ಕೊಳಾಯಿ, ಏಸಿ, ಎಲ್ಲವೂ ಹೊಸತು. ಹಳೆಯ ಕಟ್ಟಡದಲ್ಲಿ ಉಳಿದದ್ದು ನಲವತ್ತರೊಳಗಿನ ದೊಡ್ಡ ಕೋಣೆಗಳು ಮಾತ್ರ, ಅವುಗಳಲ್ಲಿ ಜಾಗ ಧಾರಾಳ. ಮೇಲಿನ ಮಾಳಿಗೆಗಳನ್ನು ಫ್ಲ್ಯಾಟುಗಳಾಗಿ ಮಾರಿದರು. ರಿಪೇರಿಯ ಹಣ ಹುಟ್ಟಿದ್ದು ಹೀಗೆ. ಕುದುರೆಗಾಡಿಯ ದಾರಿಗೆ ಗಾಜಿನ ಮಾಡು ಹಾಕಿ ಲಾಬಿ ಮಾಡಿದ್ದಾರೆ. ಟಿಕೆಟ್ ಕೌಂಟರಿನ ಹಾಲ್ ಈಗ ಬಾರ್.

ನನಗೆ ಒಂದು ಕೊರಗಿದೆ. ಟಿಕೆಟ್ ಹಾಲ್ ಎಂದರೆ ಮೂರನೇ ದರ್ಜೆಯವನೂ ನಿಂತು ಹೋದ ಜಾಗ. ಈಗ ಅಲ್ಲಿ ಕೂರಲು ಜೇಬು ತುಂಬಿರಬೇಕು. ಆ ಭವ್ಯ ಮೆಟ್ಟಿಲುಸಾಲನ್ನೂ ಅತಿಥಿಗಳಲ್ಲದವರು ಮಾರ್ಗದರ್ಶಕರ ಜೊತೆ, ಗೊತ್ತುಮಾಡಿದ ದಿನ ಮಾತ್ರ ನೋಡಬಹುದು.

ಹಳಿಬಂಡಿ, ಹುಬ್ಬಳ್ಳಿ
ಒಂದ ಮಾತು ಬಿಟ್ಟ ಹೋಗಬಾರದು. ನಿಲ್ದಾಣದೊಳಗ ಗೋಡಿ ಮ್ಯಾಲ ಒಂದ ದೊಡ್ಡ ಗಡಿಯಾರ ಇತ್ತು. 1970ರ ದಶಕದಾಗ ಅದನ್ನ ಅಮೆರಿಕಾದ ಸಂಗ್ರಾಹಕನೊಬ್ಬಗ ಭಾರೀ ರೊಕ್ಕಕ್ಕ ಮಾರಾಕ ಹೋದ್ರು. ಇಳಸೂ ಮುಂದ ಕೈ ಜಾರಿ ಬಿದ್ದು ಚೂರಾತು. ನಿವೃತ್ತಿಗೆ ಬಂದಿದ್ದ ಒಬ್ಬ ರೈಲ್ವೆ ಗಾರ್ಡ್ ಆ ಚೂರೆಲ್ಲಾ 25 ಪೌಂಡಿಗೆ ತಗೊಂಡು ನಾಟಿಂಗ್‌ಹ್ಯಾಮ್‌ಶೈರಿನ ತನ್ನ ಕೊಟ್ಟಿಗಿ ಗ್ವಾಡಿಗೆ ಮತ್ತ ಜೋಡಿಸಿ ನಡಿಸಿದ. ಈಗ ನಿಲ್ದಾಣದಾಗ ಇರೂ ಹೊಸ ಗಡಿಯಾರ ಮಾಡಾಕ ಆ ಹಳೇದನ್ನ ನೋಡೇ ಅಳತಿ ತಗೊಂಡ್ರು. ಸಂರಕ್ಷಣೆ ಅಂದ ಕೂಡಲೆ ದೊಡ್ಡವರ ಹೆಸರು ಬರತಾವ. ಕೆಲಸಗಾರರೂ ಉಳಿಸ್ಯಾರ್ರಿ.

ಕಮಾನು
ಎಲ್ಲರಿಗೂ ಧನ್ಯವಾದ. ಚಳಿಗಾಲದಲ್ಲಿ ಅಕ್ಕನ ಮನೆಗೆ ಲಂಡನ್ನಿಗೆ ಹೋಗುತ್ತಿದ್ದೇನೆ. ಹಣ ಕೊಡದೆ ಏನೇನು ನೋಡಬಹುದು? ಕಾಲುವೆಗೂ ಹಳಿಗೂ ಇರುವ ಎತ್ತರದ ವ್ಯತ್ಯಾಸ ಕಣ್ಣಾರೆ ನೋಡುವ ಆಸೆ.

ಥೇಮ್ಸ್‌ತೀರ
ಬೆಳಿಗ್ಗೆ ಬನ್ನಿ. ಮೊದಲು ಯೂಸ್ಟನ್ ರಸ್ತೆಯ ಆಚೆ ಬದಿಯ ಫುಟ್‌ಪಾತಿನಲ್ಲಿ ನಿಂತು ಮುಂಭಾಗ ನೋಡಿ. ಹತ್ತಿರ ಹೋದರೆ ಗೋಪುರ ಕಣ್ಣಿಗೆ ಸಿಗುವುದಿಲ್ಲ. ಮಲಪ್ರಭೆಯವರು ಹೇಳಿದ ಖಾಲಿ ಗೂಡುಗಳನ್ನು ಅಲ್ಲಿಂದಲೇ ಹುಡುಕಬಹುದು. ಪಶ್ಚಿಮಕ್ಕೆ ಬ್ರಿಟಿಷ್ ಲೈಬ್ರರಿ ಇದೆ. ಅದರ ವಾಸ್ತುಶಿಲ್ಪಿ ಕಾಲಿನ್ ಸೇಂಟ್ ಜಾನ್ ವಿಲ್ಸನ್ ಅದಕ್ಕೂ ಕೆಂಪು ಇಟ್ಟಿಗೆಯನ್ನೇ ಆರಿಸಿದ್ದು ಈ ನೆರೆಯವನ ಸಲುವಾಗಿ. ಆಮೇಲೆ ನಿಲ್ದಾಣದ ಒಳಗೆ ಬಂದು ಮೇಲಿನ ಅಂತಸ್ತಿಗೆ ಹತ್ತಿ, ಚಾವಣಿ ಪೂರ್ತಿ ಕಾಣುತ್ತದೆ. ಕೆಳಗೆ ಇಳಿದು ಅಂಗಡಿಗಳ ನಡುವೆ ಕಂಬಗಳನ್ನು ಮುಟ್ಟಿ ನೋಡಿ. ಇದಕ್ಕೆಲ್ಲ ಟಿಕೆಟ್ ಬೇಕಿಲ್ಲ.

ಕಾಲುವೆಗೆ ಉತ್ತರದ ಬಾಗಿಲಿನಿಂದ ಹೊರಟು ಕ್ಯಾಮ್ಲಿ ರಸ್ತೆ ಹಿಡಿಯಿರಿ. ಸೇಂಟ್ ಪ್ಯಾಂಕ್ರಾಸ್ ಲಾಕ್ ಎಂಬಲ್ಲಿ ದೋಣಿಗಳು ಕೆಳಗೆ, ರೈಲುಗಳು ನಿಮ್ಮ ತಲೆಯ ಮೇಲೆ. ಪಕ್ಕದಲ್ಲೇ ಇಟ್ಟಿಗೆಯ ಗಾಥಿಕ್ ಗೋಪುರವೊಂದು ಕಾಣುತ್ತದೆ. ಅದು ಚರ್ಚಲ್ಲ, ಉಗಿ ಇಂಜಿನ್ನುಗಳಿಗೆ ನೀರು ತುಂಬುವ ಟ್ಯಾಂಕು, ಸ್ಕಾಟ್ ಕಚೇರಿಯದೇ ವಿನ್ಯಾಸ. ಹೊಸ ಹಳಿಗೆ ಅಡ್ಡ ಬಂತೆಂದು 2001ರಲ್ಲಿ ಅದನ್ನು ಮೂರು ತುಂಡು ಮಾಡಿ ಈಗಿರುವ ಜಾಗಕ್ಕೆ ತಂದು ಕೂರಿಸಿದರು. ಬರುವ ವಾರ ತಿಳಿಸಿ, ಬಿಡುವಿದ್ದರೆ ನಾನೂ ಜೊತೆ ಬರುತ್ತೇನೆ.